ಪೋಸ್ಟಣ್ಣನಿಗಾಗಿ ಅಳುವ ಮೊದಲು

ಕಳೆದ ಮಳೆಗಾಲದಲ್ಲಿ ನಮ್ಮೂರಿನ ಪೋಸ್ಟಣ್ಣ ತೀರಿಕೊಂಡರು. ಊರಲ್ಲಿ ಎಲ್ಲರೂ ಅವರನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದರು, ನಾನೂ ಸಹ. ಇಲ್ಲಿ ಬಹುವಚನ ಹಾಕುತ್ತಿದ್ದೇನೆ. ತಡವಾಯಿತೆಂದು ಗೊತ್ತಿದೆ.

ಕ್ರಿಯಾಕರ್ಮ ಮುಗಿದ ವಾರಕ್ಕೆ ಶಾಲೆಯ ಜಗಲಿಯಲ್ಲಿ ಒಂದು ನುಡಿನಮನ ಏರ್ಪಾಡಾಗಿತ್ತು. ಬೆಂಗಳೂರಿನಿಂದ ಮೂವರು, ಸಾಗರ ಪೇಟೆಯಿಂದ ಇಬ್ಬರು ಬಂದಿದ್ದರು. ಎಲ್ಲರೂ ಹುಡುಗರಾಗಿದ್ದಾಗ ಅವರ ಕೈಯಿಂದ ಕಾಗದ ಈಸಿಕೊಂಡವರು, ಈಗ ಕತೆ ಕವಿತೆ ಬರೆಯುವವರು. ಒಬ್ಬೊಬ್ಬರಾಗಿ ಎದ್ದು ಹೇಳಿದ್ದು ಹೆಚ್ಚುಕಡಿಮೆ ಒಂದೇ: ಎಂಥ ಮನುಷ್ಯ, ಏನು ಧಾರಾಳ, ಎಲ್ಲದರಲ್ಲೂ ಕುತೂಹಲ, ತನಗೆಂದು ಏನೂ ಬಯಸಲಿಲ್ಲ. ಅಲ್ಲಿಂದ ಮಾತು ಜಾರಿ, ಪತ್ರ ಬರೆಯುವ ಸಂಸ್ಕೃತಿಯ ಸಾವಿನ ಕಡೆ ಹೋಯಿತು. ಇನ್‌ಲ್ಯಾಂಡಿನ ನೀಲಿ ಬಣ್ಣ, ಅಂಚೆಚೀಟಿಯ ಅಂಟಿನ ರುಚಿ, ಸೈಕಲ್ ಬೆಲ್ಲಿನ ಸದ್ದು. ಒಬ್ಬರು ಕಣ್ಣೊರೆಸಿಕೊಂಡರು. ನನಗೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಪೋಸ್ಟಣ್ಣನ ಕುತೂಹಲ ನಿಜಕ್ಕೂ ದೊಡ್ಡದು. ನಮ್ಮ ಕೇರಿಯ ಒಬ್ಬ ಹುಡುಗ ಮಿಲಿಟರಿಯಲ್ಲಿದ್ದ. ಅವನ ಕಾಗದದ ಮೇಲೆ ಊರಿನ ಹೆಸರಿಲ್ಲ, ಬರೀ '56 ಎ.ಪಿ.ಓ.' ಎಂದಿರುತ್ತಿತ್ತು. "ಈ ಐವತ್ತಾರು ಅನ್ನೋ ಊರು ಎಲ್ಲೈತೆ ತಮ್ಮ?" ಎಂದು ನನ್ನನ್ನು ಕೇಳಿದ್ದರು. ನನಗೆ ಗೊತ್ತಿರಲಿಲ್ಲ. ತಿಂಗಳುಗಟ್ಟಲೆ ಕಂಡಕಂಡವರನ್ನು ಕೇಳಿ, ಕೊನೆಗೆ ಅವರೇ ಬಂದು ವಿವರಿಸಿದರು: ಅದು ಊರಲ್ಲ, ಸೈನಿಕ ಎಲ್ಲಿದ್ದಾನೆಂದು ಯಾರಿಗೂ ತಿಳಿಯಬಾರದೆಂದೇ ಇಟ್ಟ ವಿಳಾಸ. ಪಿನ್ ಕೋಡ್ ಬಂದದ್ದು 1972ರಲ್ಲಿ. ಆರು ಅಂಕಿಗಳಲ್ಲಿ ಮೊದಲನೆಯದು ಏನು ಹೇಳುತ್ತದೆ, ಕೊನೆಯ ಮೂರು ಏನು ಎಂದು ಅವರು ಬಿಡಿಸಿ ಹೇಳುತ್ತಿದ್ದ ಹಾಗೆ ನಮ್ಮ ಭೂಗೋಳದ ಮೇಷ್ಟ್ರೂ ಹೇಳಲಿಲ್ಲ.

ಪತ್ರಿಕೆಗಳನ್ನೂ ಓದುತ್ತಿದ್ದರು. ಬುಕ್ ಪೋಸ್ಟಿನಲ್ಲಿ ಕಳಿಸುವ ಪತ್ರಿಕೆಯನ್ನು ಪೂರ್ತಿ ಅಂಟಿಸುವಂತಿಲ್ಲ, ಒಳಗೇನಿದೆಯೆಂದು ಎಳೆದು ನೋಡಲು ಬರುವಂತಿರಬೇಕು. ಆ ನಿಯಮದಿಂದ ನಮ್ಮ ಸೀಮೆಯಲ್ಲಿ ಪೂರ್ತಿ ಲಾಭ ಪಡೆದವರು ಅವರೊಬ್ಬರೇ ಇರಬೇಕು. ಧಾರವಾಡದಿಂದ ಬರುತ್ತಿದ್ದ ಸಂಕ್ರಮಣ ಮೊದಲು ಬಸ್ ತಂಗುದಾಣದಲ್ಲಿ ಪೋಸ್ಟಣ್ಣನ ಕೈಯಲ್ಲಿ ತೆರೆದುಕೊಂಡು, ಆಮೇಲೆ ನಮ್ಮ ಮನೆಗೆ ಬರುತ್ತಿತ್ತು.

ಇನ್ನು ಧಾರಾಳ. ಚೀಟಿ ಕಮ್ಮಿ ಹಚ್ಚಿದ ಬೇರಿಂಗ್ ಕಾಗದ ಬಂದರೆ, ಕಮ್ಮಿಬಿದ್ದ ದುಡ್ಡಿನ ಎರಡರಷ್ಟನ್ನು ಪಡೆಯುವವರಿಂದ ವಸೂಲಿ ಮಾಡಬೇಕು. ಕೈಯಲ್ಲಿ ಕಾಸಿಲ್ಲದ ಮನೆಗಳಲ್ಲಿ ಅವರೇ ಕಟ್ಟಿಬಿಡುತ್ತಿದ್ದರು. ಓದಲು ಬಾರದವರಿಗೆ ಓದಿ ಹೇಳಿ, ಅಲ್ಲೇ ಕೂತು ಉತ್ತರ ಬರೆದುಕೊಡುತ್ತಿದ್ದರು. ಪೇಟೆಯಿಂದ ಮಾತ್ರೆ, ಹೊಲಿಗೆ ದಾರ, ಮಕ್ಕಳಿಗೆ ಪಾಟಿ. ಆಷಾಢದ ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು, ಕಾಲಿಗೆ ಹತ್ತಿದ ಉಂಬಳ ಕೀಳುತ್ತ, ಸಂಕ ದಾಟಿ ಬರುತ್ತಿದ್ದುದನ್ನು ನುಡಿನಮನದಲ್ಲಿ ಇಬ್ಬರು ವರ್ಣಿಸಿದರು. ಚೆನ್ನಾಗಿಯೇ ವರ್ಣಿಸಿದರು.

ಯಾರೂ ಹೇಳದೇ ಬಿಟ್ಟ ಸಂಗತಿ ಇದು. ಪೋಸ್ಟಣ್ಣ ಯಾವತ್ತೂ ಸರ್ಕಾರಿ ನೌಕರರಾಗಿರಲಿಲ್ಲ. ಅವರು 'ಈ.ಡಿ.', ಅಂದರೆ ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್ ಏಜೆಂಟ್. ಇಲಾಖೆಯ ಚೀಲ ಹೊರುವ, ಇಲಾಖೆಯ ಹೊರಗಿನ ಮನುಷ್ಯ. ಬ್ರಿಟಿಷರ ಕಾಲದಲ್ಲಿ ಹುಟ್ಟಿದ ಏರ್ಪಾಡು ಅದು. ಶಾಲೆ ಮೇಷ್ಟ್ರೋ ಅಂಗಡಿಯವರೋ ಬಿಡುವಿನ ವೇಳೆಯಲ್ಲಿ ಟಪ್ಪಾಲು ನೋಡಿಕೊಂಡರೆ ಸಾಕು ಎಂಬ ಲೆಕ್ಕ. ಆದ್ದರಿಂದ ಕೆಲಸ ದಿನಕ್ಕೆ ಹೆಚ್ಚೆಂದರೆ ಐದು ಗಂಟೆ, ಸಂಬಳವಲ್ಲ ಭತ್ಯೆ, ಮತ್ತು ಸೇರುವವರಿಗೆ ಬೇರೆ ಜೀವನೋಪಾಯ ಇರಬೇಕೆಂಬ ಷರತ್ತು. ನಮ್ಮ ಪೋಸ್ಟಣ್ಣ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಚೀಲ ಕಾಯುತ್ತ ನಿಂತರೆ, ಮನೆ ಸೇರುವುದು ನಾಲ್ಕಕ್ಕೆ. ಐದು ಗಂಟೆ ಕಾಗದದಲ್ಲಿತ್ತು.

1977ರಲ್ಲಿ ಸುಪ್ರೀಂ ಕೋರ್ಟ್ ಇವರದು ಸಿವಿಲ್ ಹುದ್ದೆಯೇ, ವಿಚಾರಣೆಯಿಲ್ಲದೆ ತೆಗೆಯುವಂತಿಲ್ಲ ಎಂದಿತು. ಅದರಿಂದ ಪಿಂಚಣಿಯೇನೂ ಹುಟ್ಟಲಿಲ್ಲ. ಮುಂದೆ ಕಾಯಂ ನೌಕರಿ ಸಿಕ್ಕವರು ಕೂಡ ಹಿಂದಿನ ಈ.ಡಿ. ವರ್ಷಗಳನ್ನು ಪಿಂಚಣಿಗೆ ಸೇರಿಸಿಕೊಳ್ಳುವ ಹಕ್ಕಿಲ್ಲವೆಂದು ಅದೇ ನ್ಯಾಯಾಲಯ 2019ರಲ್ಲಿ ಹೇಳಿತು. ನಡುವೆ, 2001ರ ನಿಯಮಗಳಲ್ಲಿ ಹೆಸರು ಬದಲಾಯಿತು: ಗ್ರಾಮೀಣ ಡಾಕ್ ಸೇವಕ. ಏಜೆಂಟ್ ಹೋಗಿ ಸೇವಕ. ಏಜೆಂಟನಾದರೂ ಕಮಿಷನ್ ಕೇಳಬಹುದು, ಸೇವೆ ಮಾಡುವವನು ಏನು ಕೇಳುತ್ತಾನೆ?

2013ರಲ್ಲಿ ಅರವತ್ತೈದು ತುಂಬಿ ಅವರನ್ನು ಬಿಡುಗಡೆ ಮಾಡಿದರು. ನಿವೃತ್ತಿ ಎಂಬ ಮಾತನ್ನು ನಾವು ಬಳಸುತ್ತೇವೆ, ಆದೇಶದಲ್ಲಿದ್ದದ್ದು 'ಡಿಸ್ಚಾರ್ಜ್'. ಒಂದಿಷ್ಟು ಇಡಿಗಂಟು, ಅಷ್ಟೆ. ಅದೇ ವರ್ಷ ಜುಲೈನಲ್ಲಿ ಟೆಲಿಗ್ರಾಂ ನಿಂತಿತು. ಟೆಲಿಗ್ರಾಮಿನ ಮೇಲೆ ಆಗ ಎಷ್ಟು ಪ್ರಬಂಧಗಳು ಬಂದವೆಂದು ನೆನಪಿದೆಯೇ? ನಾನೂ ಒಂದು ಬರೆದಿದ್ದೆ.

ಆದ್ದರಿಂದ 'ತನಗೆಂದು ಏನೂ ಬಯಸಲಿಲ್ಲ' ಎಂಬ ಮಾತು ಕೇಳಿದಾಗ ನನ್ನ ಮೈ ಉರಿಯಿತು. ಬಯಸಲಿಲ್ಲವೆಂದು ಇವರಿಗೆ ಹೇಳಿದವರು ಯಾರು? 2018ರ ಮೇ–ಜೂನಿನಲ್ಲಿ ದೇಶದಾದ್ಯಂತ ಡಾಕ್ ಸೇವಕರು ಎರಡು ವಾರ ಮುಷ್ಕರ ಹೂಡಿದಾಗ, ಬಿಡುಗಡೆಯಾಗಿ ಐದು ವರ್ಷವಾಗಿದ್ದರೂ ಪೋಸ್ಟಣ್ಣ ದಿನಾ ಬಸ್ ಹತ್ತಿ ಪೇಟೆಗೆ ಹೋಗಿ ಅವರ ಜೊತೆ ಕೂತಿದ್ದರು. ನುಡಿನಮನದಲ್ಲಿ ಅದು ಬರಲಿಲ್ಲ. ಘೋಷಣೆ ಕೂಗುವ ಪೋಸ್ಟಣ್ಣ ನಮ್ಮ ಪ್ರಬಂಧಕ್ಕೆ ಒಗ್ಗುವುದಿಲ್ಲ. ಕಾಗೋಡಿನ ಸೀಮೆಯವರು ನಾವು. 'ಉಳುವವನೇ ಹೊಲದೊಡೆಯ' ಎಂಬುದನ್ನು ಎದೆ ತಟ್ಟಿ ಹೇಳಿಕೊಳ್ಳುತ್ತೇವೆ, ಗೇಣಿದಾರನ ಮೇಲೆ ಕತೆ ಬರೆದಿದ್ದೇವೆ. ಆ ಕತೆ ಅಚ್ಚಾದ ಪತ್ರಿಕೆಯನ್ನು ಮನೆ ಬಾಗಿಲಿಗೆ ತಂದವನ ಕೂಲಿ ಎಷ್ಟೆಂದು ಕೇಳಲಿಲ್ಲ.

ನಾನು ಬೇರೆಯವರಿಗೆ ಪಾಠ ಹೇಳುವ ಸ್ಥಿತಿಯಲ್ಲಿಲ್ಲ. 1984, ನಾನು ಪಿಯುಸಿ. ಪತ್ರಿಕೆ ನಾಲ್ಕು ದಿನ ತಡವಾಗಿ, ಒಂದು ಪುಟದ ಮೇಲೆ ಎಲೆಯಡಿಕೆಯ ಕೆಂಪು ಕಲೆಯೊಂದಿಗೆ ಬಂತು. ನಾನು ಚಂದಾದಾರ, ಸಾಹಿತ್ಯದ ವಿದ್ಯಾರ್ಥಿ. ಮೇಲಿನ ಕಚೇರಿಗೆ ದೂರು ಬರೆದೆ. ಹದಿನೈದು ಪೈಸೆಯ ಕಾರ್ಡಿನಲ್ಲಿ ಬರೆದೆ. ನಮ್ಮೂರ ಡಬ್ಬಿಯಲ್ಲೇ ಹಾಕಿದೆ. ಆ ಡಬ್ಬಿ ತೆಗೆದು ಚೀಲ ಕಟ್ಟಿ ಬಸ್ಸಿಗೆ ಹಾಕುವವರು ಅವರೇ, ಕಾರ್ಡುಗಳನ್ನು ಓದುವವರೂ ಅವರೇ ಎಂಬುದು ನನಗೆ ಹೊಳೆಯಲೇ ಇಲ್ಲ. ಹರಿದು ಹಳ್ಳಕ್ಕೆ ಎಸೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಾರ್ಡು ಹೋಗಿ ತಲುಪಿತು. ವಿಚಾರಣೆ ಮುಗಿಯುವ ತನಕ ಅವರನ್ನು 'ಪುಟ್ ಆಫ್' ಮಾಡಿದರು. ಮೂರು ವಾರ. ಆ ದಿನಗಳಿಗೆ ಭತ್ಯೆ ಇಲ್ಲ.

ವಾಪಸ್ ಬಂದ ದಿನ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು (ಜಗಲಿಗೆ ಅವರನ್ನು ಕರೆದದ್ದು ನನಗೆ ನೆನಪಿಲ್ಲ) ನನ್ನನ್ನು ಕೇಳಿದರು: "ಆ ಕತೇಲಿ ಕೊನೀಗೆ ಹುಡುಗಿ ಎಲ್ಲಿಗೆ ಹೋದ್ಲು ತಮ್ಮ? ನಾನು ಅಲ್ಲೀತನಕ ಓದಿರ್ಲಿಲ್ಲ."

ಇದನ್ನು ನುಡಿನಮನದಲ್ಲಿ ನಾನೇ ಎದ್ದು ಹೇಳಿದೆ. ಹೇಳಿ ಕೂರುವಷ್ಟರಲ್ಲಿ ಅಧ್ಯಕ್ಷರು 'ಎಂಥ ಕ್ಷಮಾಗುಣ' ಎಂದರು, ಸಭೆ ತಲೆದೂಗಿತು. ಕ್ಷಮಿಸದೆ ಅವರು ಏನು ಮಾಡಬಹುದಿತ್ತು? ಊರಿನ ಅಡಿಕೆ ತೋಟದ ಮನೆಯ ಹುಡುಗನ ಮೇಲೆ ಯಾರಿಗೆ ದೂರು ಕೊಡಬಹುದಿತ್ತು? ಅವರ ಗುಣವನ್ನು ಹೊಗಳಿದಷ್ಟೂ ನನ್ನ ಕಾರ್ಡು ಸಣ್ಣದಾಗುತ್ತ ಹೋಗುತ್ತದೆ, ಮೂರು ವಾರದ ಭತ್ಯೆ ಮಾಯವಾಗುತ್ತದೆ. ನಮ್ಮ ಹೊಗಳಿಕೆಯ ಉಪಯೋಗವೇ ಅದು ಎಂದು ಈಗೀಗ ಅನಿಸುತ್ತಿದೆ. ಬೇರಿಂಗ್ ಕಟ್ಟಿದ ಕಾಸನ್ನು ಅವರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಸಭೆಯ ಮರುದಿನ ಅವರ ಮನೆಯಲ್ಲಿ ಅಕ್ಕ ತೆಗೆದು ತೋರಿಸಿದರು. ದಾನ ಮಾಡುವವರು ಮನೆ ಹೆಸರು, ತಾರೀಖು, ಪೈಸೆ ಸಮೇತ ಬರೆದಿಡುವುದಿಲ್ಲ. ಅದು ಬಾಕಿ ಪಟ್ಟಿ. ನಮ್ಮ ಮನೆಯ ಹೆಸರು ಹನ್ನೊಂದು ಸಲ ಇದೆ, ತೀರಿಸಿದ ಗುರುತು ಎರಡು ಕಡೆ.

2024ರ ಡಿಸೆಂಬರಿನಲ್ಲಿ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಂತಾಗ ಓದುವ ಜನ ಗದ್ದಲ ಮಾಡಿದೆವು, ಮಾಡಬೇಕಾದ್ದೇ. ಮರುವರ್ಷ ರಿಜಿಸ್ಟರ್ ಪೋಸ್ಟು ಸ್ಪೀಡ್ ಪೋಸ್ಟಿನೊಳಗೆ ಸೇರಿಹೋದಾಗ ಇನ್ನೊಂದು ಸುತ್ತು ಅತ್ತೆವು. ನಾನು ಸಹಿ ಹಾಕಿದ ಮನವಿಯಲ್ಲಿ ಪುಸ್ತಕದ ದರ ಇತ್ತು, ಓದುಗರ ಹಕ್ಕು ಇತ್ತು. ಹೊರುವವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅವರು ಸತ್ತುಹೋದ ಕಾಲದವರು ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ದೇಶದ ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಲ್ಲಿ ಹತ್ತಕ್ಕೆ ಒಂಬತ್ತು ಹಳ್ಳಿಗಳಲ್ಲೇ ಇವೆ, ಅವನ್ನು ನಡೆಸುತ್ತಿರುವವರು ಬಹುಪಾಲು ಇದೇ ಸೇವಕರು.

ನಮ್ಮೂರಿಗೆ ಈಗ ಹಾವೇರಿ ಕಡೆಯ ಹುಡುಗಿಯೊಬ್ಬಳು ಬಂದಿದ್ದಾಳೆ. ಮುದುಕರ ಬೆರಳು ಒತ್ತಿಸಿ ಅವರ ಪಿಂಚಣಿ ದುಡ್ಡು ತೆಗೆದುಕೊಡುತ್ತಾಳೆ, ಖಾತೆ ಮಾಡಿಸುವ ಗುರಿ ಮುಟ್ಟಲು ಮನೆಮನೆ ತಿರುಗುತ್ತಾಳೆ. ಅವಳಿಗೂ ಸರ್ಕಾರಿ ನೌಕರರ ಪಿಂಚಣಿ ಇಲ್ಲ. ನುಡಿನಮನದ ದಿನ ಜಗಲಿಯ ಅಂಚಿಗೆ ಚೀಲ ಹಿಡಿದು ನಿಂತಿದ್ದಳು. ಭಾಷಣ ಮಾಡಿದ ಐವರಲ್ಲಿ ಒಬ್ಬರೂ ಅವಳ ಹೆಸರು ಕೇಳಲಿಲ್ಲ. ಪತ್ರಸಂಸ್ಕೃತಿಯ ಸಾವಿನ ಭಾಗ ಮುಗಿಯುವ ತನಕ ಕಾದಳು, ಆಮೇಲೆ ಮೆಲ್ಲಗೆ ನನ್ನ ಪಕ್ಕ ಬಂದು, "ಸರ್, ನಿಮ್ಮದೊಂದು ಪುಸ್ತಕ ಬಂದೈತಿ, ಸಹಿ ಮಾಡ್ರಿ. ಇನ್ನೂ ಮೂರು ಮನಿ ಅದಾವು" ಎಂದಳು.