ಕಾಗದದ ದೋಣಿ ಬಿಟ್ಟ ಹುಡುಗಿ

ಮಳೆಗಾಲದಲ್ಲಿ ಕಾಗದದ ದೋಣಿ ಬಿಡದ ಮಕ್ಕಳುಂಟೇ? ಇಟಲಿಯ ಲೊಂಬಾರ್ಡಿ ಪ್ರಾಂತ್ಯದ ಪುಟ್ಟ ಹುಡುಗಿಯೊಬ್ಬಳಿಗೂ ಅದೇ ಹುಚ್ಚು. ದೋಣಿಯಲ್ಲಿ ಹೂಗಳನ್ನಿಟ್ಟು, ‘ಇವರು ದೂರದೇಶಕ್ಕೆ ಸೇವೆಗೆ ಹೊರಟವರು’ ಎಂದು ತೇಲಿಬಿಡುತ್ತಿದ್ದಳು. ಒಮ್ಮೆ ಕಾಲುಜಾರಿ ನೀರಿಗೆ ಬಿದ್ದಳು. ಅಂದು ಹೊಕ್ಕ ನೀರಿನ ಭಯ ಜೀವಮಾನವಿಡೀ ಬಿಡಲಿಲ್ಲ. ಆದರೂ ಮುಂದೆ ಅವರು 20ಕ್ಕೂ ಹೆಚ್ಚು ಬಾರಿ ಅಟ್ಲಾಂಟಿಕ್ ಸಾಗರ ದಾಟಿದರು! ಅವರೇ ಫ್ರಾನ್ಸೆಸ್ಕಾ ಕಾಬ್ರಿನಿ.

1850ರಲ್ಲಿ ಹುಟ್ಟಿದ ಕಾಬ್ರಿನಿ ಮೊದಲು ಶಾಲಾ ಶಿಕ್ಷಕಿ. ಸನ್ಯಾಸಿನಿಯಾಗಲು ಬಯಸಿದಾಗ ಆರೋಗ್ಯ ಸಾಲದೆಂದು ಮಠದವರು ಸೇರಿಸಿಕೊಳ್ಳಲಿಲ್ಲ. 1880ರಲ್ಲಿ ಅವರು ತಾವೇ ಒಂದು ಸೇವಾಸಂಘ ಕಟ್ಟಿದರು. ಚೀನಾಕ್ಕೆ ಹೋಗಬೇಕೆಂಬುದು ಅವರ ಕನಸು. ಆದರೆ ಪೋಪ್ 13ನೇ ಲಿಯೊ ಅವರನ್ನು ಪಶ್ಚಿಮಕ್ಕೆ, ಅಮೆರಿಕಕ್ಕೆ ಕಳುಹಿಸಿದರು. ಕಾರಣವಿತ್ತು. ಬಡತನ ತಾಳಲಾರದೆ ಇಟಲಿಯ ಜನ ಹಡಗು ಹತ್ತಿ ಅಮೆರಿಕಕ್ಕೆ ಗುಳೆ ಹೋಗುತ್ತಿದ್ದ ಕಾಲವದು. 1880ರಿಂದ 1920ರವರೆಗೆ ಹಾಗೆ ಹೋದವರು ಸುಮಾರು 40 ಲಕ್ಷ. ಅಲ್ಲಿ ಭಾಷೆ ಬಾರದು, ಕೂಲಿ ಕಡಿಮೆ, ಕತ್ತಲ ಕೋಣೆಗಳಲ್ಲಿ ವಾಸ. ತಂದೆತಾಯಿ ಸತ್ತರೆ ಮಕ್ಕಳಿಗೆ ಬೀದಿಯೇ ಗತಿ.

1889ರ ಮಾರ್ಚ್ 31ರಂದು ಆರು ಮಂದಿ ಸೋದರಿಯರೊಂದಿಗೆ ಕಾಬ್ರಿನಿ ನ್ಯೂಯಾರ್ಕಿನಲ್ಲಿ ಇಳಿದರು. ಅವರಿಗಾಗಿ ಮನೆಯೇ ಸಿದ್ಧವಾಗಿರಲಿಲ್ಲ. ಮರಳಿ ಇಟಲಿಗೆ ಹೋಗುವುದೇ ಒಳ್ಳೆಯದೆಂದರು ಅಲ್ಲಿನ ಆರ್ಚ್‌ಬಿಷಪ್. ಪೋಪರು ಕಳುಹಿಸಿದ್ದಾರೆ, ಇಲ್ಲೇ ಉಳಿಯುತ್ತೇವೆ ಎಂದರು ಕಾಬ್ರಿನಿ. ಬೀದಿ ಬೀದಿ ಸುತ್ತಿ, ಬೇಡಿ ತಂದು ಅನಾಥ ಮಕ್ಕಳನ್ನು ಸಾಕತೊಡಗಿದರು.

ಕರುಣೆ ಇದ್ದರೆ ಸಾಕೇ? ಲೆಕ್ಕವೂ ಗೊತ್ತಿರಬೇಕು. ಹಡ್ಸನ್ ನದಿಯ ದಂಡೆಯ ವೆಸ್ಟ್ ಪಾರ್ಕ್‌ನಲ್ಲಿ ಒಂದು ಜಾಗ ಅಗ್ಗಕ್ಕೆ ಸಿಕ್ಕಿತು. ಅಗ್ಗವೇಕೆಂದರೆ ಅಲ್ಲಿ ನೀರಿರಲಿಲ್ಲ. ಕಾಬ್ರಿನಿ ಬಿಡದೆ ಹುಡುಕಿಸಿದರು. ನೀರಿನ ಸೆಲೆ ಸಿಕ್ಕಿತು, ಮಕ್ಕಳಿಗೆ ಮನೆಯಾಯಿತು. ಷಿಕಾಗೋದಲ್ಲಿ ಆಸ್ಪತ್ರೆಗಾಗಿ ಹಳೆಯ ಹೋಟೆಲೊಂದನ್ನು ಕೊಳ್ಳುವಾಗ ನಡೆದ ಪ್ರಸಂಗವನ್ನು ಅವರ ಜೀವನಚರಿತ್ರೆಕಾರರು ಹೇಳುತ್ತಾರೆ. ಮಾರುವವರ ಮಾತಿನಲ್ಲಿ ಅವರಿಗೆ ಅನುಮಾನ. ಬೆಳಗಿನ ಜಾವ ಸೋದರಿಯರು ದಾರ ಹಿಡಿದು ನಿವೇಶನವನ್ನು ಅಳೆದರು. ನೋಡಿದರೆ ಪತ್ರದಲ್ಲಿ 25 ಅಡಿ ಕಡಿಮೆ ಬರೆದಿದ್ದರು! ಮೋಸ ಬಯಲಾಯಿತು, ಪೂರ್ತಿ ಜಾಗ ಕೈಸೇರಿತು. ಆ ಇಪ್ಪತ್ತೈದು ಅಡಿ ಸೋದರಿಯರದಲ್ಲ; ಅಲ್ಲಿ ಮಲಗಬೇಕಾಗಿದ್ದ ರೋಗಿಗಳದು.

1917ರ ಡಿಸೆಂಬರ್ 22ರಂದು ಅದೇ ಷಿಕಾಗೋ ಆಸ್ಪತ್ರೆಯಲ್ಲಿ ಕಾಬ್ರಿನಿ ತೀರಿಕೊಂಡರು. ಹಿಂದಿನ ದಿನವಷ್ಟೇ ಮಕ್ಕಳಿಗೆ ಕ್ರಿಸ್‌ಮಸ್ ಮಿಠಾಯಿಯ ಪೊಟ್ಟಣ ಕಟ್ಟುವ ಕೆಲಸ ನಡೆದಿತ್ತು. ಆಗ ಅವರ ವಯಸ್ಸು 67. ಅವರು ಸ್ಥಾಪಿಸಿದ ಶಾಲೆ, ಆಸ್ಪತ್ರೆ, ಅನಾಥಾಲಯಗಳೂ 67. 1909ರಲ್ಲಿ ಅಮೆರಿಕದ ಪೌರತ್ವ ಪಡೆದಿದ್ದ ಅವರಿಗೆ 1946ರಲ್ಲಿ ಸಂತ ಪದವಿ ದೊರೆಯಿತು. ಅಮೆರಿಕದ ಪ್ರಜೆಯೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. 1950ರಲ್ಲಿ ಅವರನ್ನು ವಲಸಿಗರ ಪಾಲಕ ಸಂತರೆಂದು ಘೋಷಿಸಲಾಯಿತು.

ಗಣಿತ ಕಲಿತು ಏನು ಉಪಯೋಗ ಎಂದು ಮಕ್ಕಳು ಕೇಳುವುದುಂಟು. ಆ ದಾರದ ಕಥೆಯನ್ನು ತಂದೆತಾಯಿಯರು ಅವರಿಗೆ ಹೇಳಬಹುದು. ಊರು ಬಿಟ್ಟು ಬಂದ ಕೂಲಿಕಾರರ ಮಗುವೊಂದು ತರಗತಿಯಲ್ಲಿ ಭಾಷೆ ಬಾರದೆ ಮೂಲೆ ಹಿಡಿದು ಕುಳಿತಿದ್ದರೆ, ಅದರ ಪಕ್ಕದಲ್ಲಿ ಹೋಗಿ ಕೂರಲು ಮಾತ್ರ ಯಾವ ಲೆಕ್ಕವೂ ಬೇಡ.