ಹಾಡು ನಮ್ಮದು, ರೊಕ್ಕ ಯಾರದು? ರಘು ದೀಕ್ಷಿತ್ ಆಲ್ಬಂನಿಂದ ನಮ್ಮ ಭಾಗದ ಕಲಾವಿದರು ಕಲಿಯಬೇಕಾದ ಲೆಕ್ಕ

ಗೋಕಾಕ: ಜಾತ್ರಿ ಬಂತಂದ್ರ ಸಾಕು, ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕಿನ ಹಳ್ಳಿಗಳಲ್ಲಿ ಜನಪದ ಹಾಡಿನ ಸದ್ದು ಜೋರಾಗುತ್ತದೆ. ರಾತ್ರಿ ವೇದಿಕೆ ಮೇಲೆ ಹಾಡಿದ್ದು ಮರುದಿನ ಯೂಟ್ಯೂಬ್‌ನಲ್ಲಿರುತ್ತದೆ. ಊರೆಲ್ಲ ಕೇಳುತ್ತದೆ. ಆದರೆ ಹಾಡಿದವರಿಗೆ ಎಷ್ಟೋ ಸಲ ಸಿಗೋದು ಅವತ್ತಿನ ಸಂಭಾವನೆ ಅಷ್ಟ. ಮುಂದಿನ ಗಳಿಕೆ ಯಾರದು?

ಇದಕ್ಕೆ ಉತ್ತರ ಹುಡುಕಲು ರಘು ದೀಕ್ಷಿತ್ ಅವರ ಆಲ್ಬಂ ನೋಡಬೇಕು. ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಶಾಸ್ತ್ರ ಓದಿದ ಈ ಗಾಯಕನ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಗಿಟಾರು, ಡ್ರಮ್ಸ್ ಜೊತೆ ಸಂತ ಶಿಶುನಾಳ ಶರೀಫರ ಪದಗಳೂ ಅದರಲ್ಲಿದ್ದವು. 2010ರಲ್ಲಿ ಅವರ ತಂಡ ಬ್ರಿಟನ್‌ನ ಬಿಬಿಸಿ ಟಿವಿಯಲ್ಲಿ ಹಾಡಿತು. 2013ರಲ್ಲಿ 'ಜಗ್ ಚಂಗಾ' ಎಂಬ ಎರಡನೇ ಆಲ್ಬಂ ಬಂತು.

ಒಂದು ಹಾಡು, ಮೂರು ಹಕ್ಕು

ಶರೀಫರು 1889ರಲ್ಲಿ ತೀರಿಕೊಂಡರು. ಬರೆದವರು ತೀರಿದ 60 ವರ್ಷಗಳ ನಂತರ ಪದ ಎಲ್ಲರ ಸ್ವತ್ತು. ಹಂಗಾಗಿ ಶರೀಫರ ಪದ ಯಾರು ಬೇಕಾದರೂ ಹಾಡಬಹುದು. ಆದರೆ ಹೊಸದಾಗಿ ಕೂಡಿಸಿದ ರಾಗ ಬೇರೆ, ಸ್ಟುಡಿಯೋದಲ್ಲಿ ಆದ ರೆಕಾರ್ಡಿಂಗ್ ಬೇರೆ. ಎರಡಕ್ಕೂ ಪ್ರತ್ಯೇಕ ಒಡೆತನ ಉಂಟು. ರೆಕಾರ್ಡಿಂಗ್ ಮೇಲಿನ ಹಕ್ಕು ಸಾಮಾನ್ಯವಾಗಿ ಅದನ್ನು ಮಾಡಿಸಿದ ನಿರ್ಮಾಪಕರದು. ರೊಕ್ಕ ಹೆಚ್ಚಾಗಿ ಹುಟ್ಟೋದೂ ಅಲ್ಲೇ.

ನಮ್ಮಲ್ಲಿ ಬಂಡವಾಳಕ್ಕೆ ಕೊರತೆ ಇಲ್ಲ. ಶ್ರೀಕೃಷ್ಣ ಪಾರಿಜಾತವನ್ನು ಮನೆಮಾತು ಮಾಡಿದ ಕುಲಗೋಡ ತಮ್ಮಣ್ಣ, ಅದನ್ನು ಹಾಡಿ ಕುಣಿದು ಬೆಳೆಸಿದ ಕೌಜಲಗಿ ನಿಂಗಮ್ಮ ಇದೇ ಮಣ್ಣಿನವರು. ತಮ್ಮಣ್ಣನವರು 19ನೇ ಶತಮಾನದವರು, ಅವರ ಪದಗಳಿಗೆ ಈಗ ಕೃತಿಸ್ವಾಮ್ಯದ ತಡೆ ಇಲ್ಲ. ಆದರೆ ಬೆಟಗೇರಿ ಕೃಷ್ಣಶರ್ಮರ (ಆನಂದಕಂದ) ಮಾತು ಬೇರೆ. ಹಳ್ಳಿಯ ಧಾಟಿಯಲ್ಲೇ ಬರೆದರೂ ಅವು ಅವರ ಸ್ವಂತ ರಚನೆ. ಅವರು ತೀರಿದ್ದು 1982ರಲ್ಲಿ. 2042 ಮುಗಿಯುವವರೆಗೆ ಹಕ್ಕುದಾರರ ಒಪ್ಪಿಗೆ ಬೇಕು. 'ಜನಪದ ಐತಿ, ಯಾರೂ ಕೇಳಂಗಿಲ್ಲ' ಅಂದರೆ ನಡೆಯದು.

ಸಹಿಗಿಂತ ಮೊದಲು

ಹಕ್ಕು ಬಿಟ್ಟುಕೊಡುವುದು ಬಾಯಿಮಾತಿನಲ್ಲಿ ಆಗುವುದಿಲ್ಲ, ಬರವಣಿಗೆ ಮತ್ತು ಸಹಿ ಬೇಕು. ಕಾಗದದಲ್ಲಿ ಅವಧಿ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಎಂದೇ ಹಿಡಿಯುತ್ತದೆ. 'ಕಾಯಂ' ಎಂದು ಬರೆದು ಸಹಿ ಹಾಕಿಸಿಕೊಂಡರೆ ಆ ರಕ್ಷಣೆ ಹೋಯಿತು. 2012ರ ತಿದ್ದುಪಡಿ ಪ್ರಕಾರ ಹಾಡು ಬರೆದವರು, ರಾಗ ಹಾಕಿದವರು ತಮ್ಮ ರಾಯಲ್ಟಿ ಪಾಲನ್ನು ಕಂಪನಿಗೆ ಬರೆದುಕೊಡಲು ಬರುವುದಿಲ್ಲ. ವಾಣಿಜ್ಯ ಬಳಕೆಯಾದರೆ ಹಾಡಿದವರಿಗೂ ರಾಯಲ್ಟಿ ಹಕ್ಕು ಉಂಟು.

ಹಾಡಿನ ವಿಡಿಯೋಗಳಿಗೆ ಜಾಹೀರಾತು ಕೊಡುವ ಅಂಗಡಿಕಾರರ ಕೈಯಲ್ಲೂ ಒಂದು ಕೀಲಿ ಐತಿ. ರೊಕ್ಕ ಕೊಡುವ ಮೊದಲು ಎರಡೇ ಮಾತು ಕೇಳಲಿ: ಬರೆದವರ, ಹಾಡಿದವರ ಹೆಸರು ವಿಡಿಯೋದಲ್ಲಿ ಐತೇನು? ಅವರ ಕೂಡ ಕಾಗದ ಆಗೈತೇನು? ಜಾಹೀರಾತು ಕೊಡುವವರೇ ಕೇಳಿದರೆ ಚಾನೆಲ್‌ನವರು ಉತ್ತರ ಕೊಡಲೇಬೇಕಾಗುತ್ತದೆ.