ಕರೆಂಟು ನಮ್ಮದು, ಕಂಟ್ರೋಲು ಯಾರದು?

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕನ್ನಡದ ಫ್ಯೂಸ್ ಕಿತ್ತವರಿಗೆ ನೇರ ಪ್ರಶ್ನೆಗಳು

ಕನ್ನಡದ ಯುವಕ ಯುವತಿಯರೇ,

1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ಹುಟ್ಟಿತು. ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದರು. 1905ರಲ್ಲಿ ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು, ಶರಾವತಿ ಕಣಿವೆಯ ಊರುಗಳು ಮುಳುಗಿದವು. ಮುಳುಗಡೆಯಾದವರು ಹಕ್ಕುಪತ್ರ ಹಿಡಿಯಲು ದಶಕಗಳ ಕಾಲ ಕಚೇರಿಯಿಂದ ಕಚೇರಿಗೆ ಅಲೆದರು. ನಮ್ಮ ಕಾಲದಲ್ಲಿ ಪಾವಗಡದ ರೈತರು ಸುಮಾರು 13,000 ಎಕರೆ ಜಮೀನನ್ನು ಗುತ್ತಿಗೆಗೆ ಕೊಟ್ಟರು. ಅಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ನಿಂತಿದೆ.

ನೀರು ನಮ್ಮದು, ನೆಲ ನಮ್ಮದು, ಮುಳುಗಿದ ಮನೆಯೂ ನಮ್ಮದೇ. ಆದರೆ ಈ ಶಕ್ತಿಯನ್ನು ಅಳೆದು, ಉಳಿಸಿ, ಹಿಡಿತದಲ್ಲಿಡುವ ವಿದ್ಯೆ ಕಲಿಯಬೇಕಾದರೆ ಕನ್ನಡವನ್ನು ಕಾಲೇಜಿನ ಗೇಟಿನ ಹೊರಗೆ ಚಪ್ಪಲಿಯಂತೆ ಬಿಟ್ಟು ಹೋಗಬೇಕು. ಇದು ಯಾವ ಸೀಮೆಯ ನ್ಯಾಯ ಸ್ವಾಮಿ?

ಕನ್ನಡದಲ್ಲಿ ಆಗೋದಿಲ್ವಂತೆ!

'ಎನರ್ಜಿ ಕಂಟ್ರೋಲ್, ಎನರ್ಜಿ ಮ್ಯಾನೇಜ್‌ಮೆಂಟ್ ಎಲ್ಲ ಕನ್ನಡದಲ್ಲಿ ಹೇಳೋಕಾಗುತ್ತೇನ್ರೀ?' ಎಂದು ಮೂಗು ಮುರಿಯುವ ಮಹಾಶಯರಿದ್ದಾರೆ. ಆಗುತ್ತದೆ. ಇಲ್ಲೇ ಹೇಳುತ್ತೇವೆ, ಕೇಳಿ.

ಕರೆಂಟನ್ನು ಭತ್ತದ ಹಾಗೆ ಕಣಜದಲ್ಲಿ ತುಂಬಿಡುವುದು ಸುಲಭವಲ್ಲ. ಈ ಕ್ಷಣ ನಾಡಿನಲ್ಲಿ ಎಷ್ಟು ಖರ್ಚಾಗುತ್ತಿದೆಯೋ ಈ ಕ್ಷಣವೇ ಅಷ್ಟು ಒದಗಬೇಕು. ಖರ್ಚು ಹೆಚ್ಚಿ ಉತ್ಪಾದನೆ ಸಾಲದಾದರೆ ಜನರೇಟರುಗಳ ವೇಗ ಕುಗ್ಗುತ್ತದೆ, 50 ಹರ್ಟ್ಸ್ ಇರಬೇಕಾದ ಫ್ರೀಕ್ವೆನ್ಸಿ ಇಳಿಯುತ್ತದೆ. ಏರು ಹತ್ತುವಾಗ ಎತ್ತುಗಳ ಹೆಜ್ಜೆ ನಿಧಾನವಾಗುವುದಿಲ್ಲವೇ, ಹಾಗೆ. ಆಗ ಜಲವಿದ್ಯುತ್ ಕೇಂದ್ರದ ಗೇಟು ಇನ್ನಷ್ಟು ತೆರೆಯಬೇಕು, ಇಲ್ಲವೇ ಎಲ್ಲೋ ಲೋಡು ಇಳಿಸಬೇಕು. ಈ ಲೆಕ್ಕ ತಪ್ಪಿದರೆ ಏನಾಗುತ್ತದೆಂದು 2012ರ ಜುಲೈ 30 ಮತ್ತು 31ರಂದು ಇಡೀ ಉತ್ತರ ಭಾರತ ಕತ್ತಲಲ್ಲಿ ಕೂತು ಕಲಿಯಿತು. ಆಗ ದಕ್ಷಿಣದ ಗ್ರಿಡ್ ಬೇರೆಯಾಗಿದ್ದುದರಿಂದ ನಾವು ಬಚಾವಾದೆವು. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ 765 ಕೆ.ವಿ. ಲೈನಿನ ಮೂಲಕ ನಾವೂ ಒಂದೇ ನೊಗಕ್ಕೆ ಬಿದ್ದೆವು. ಇನ್ನು ಎಲ್ಲರ ಹೆಜ್ಜೆಯೂ ಒಂದೇ, ಮುಗ್ಗರಿಸಿದರೆ ಅಪಾಯವೂ ಎಲ್ಲರಿಗೆ.

ಅರ್ಥವಾಯಿತಲ್ಲ? ಇದೇ ಸೆಮಿಸ್ಟರಿನ ಒಂದು ದೊಡ್ಡ ಪಾಠ. ಫ್ರೀಕ್ವೆನ್ಸಿ, ಗ್ರಿಡ್, ಲೋಡು ಎಂಬ ಮಾತುಗಳನ್ನು ಹಾಗೇ ಇಟ್ಟುಕೊಂಡಿದ್ದೇವೆ. ಬಸ್ಸು, ರೈಲು ದಕ್ಕಿಸಿಕೊಂಡ ಕನ್ನಡಕ್ಕೆ ಇವು ಭಾರವೇ?

ವಿದ್ಯೆ ಎಲ್ಲಿಗೆ ತಲುಪಬೇಕು?

ಈ ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್ಟುಗಳಿವೆ. ಇಂಧನ ಉಳಿತಾಯದ ನಿಜವಾದ ಕುರುಕ್ಷೇತ್ರ ಅದು. ಪಂಪಿನ ಮೋಟರಿಗೆ ಸರಿಯಾದ ಕೆಪಾಸಿಟರ್ ಹಾಕಿ ಪವರ್ ಫ್ಯಾಕ್ಟರನ್ನು 0.70ರಿಂದ 0.95ಕ್ಕೆ ಏರಿಸಿದರೆ ಅದೇ ಕೆಲಸಕ್ಕೆ ತಂತಿಯಲ್ಲಿ ಹರಿಯುವ ಕರೆಂಟು ಕಾಲು ಭಾಗಕ್ಕೂ ಹೆಚ್ಚು ಇಳಿಯುತ್ತದೆ. ತಂತಿಯಲ್ಲಿ ಸೋರುವ ನಷ್ಟ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ ಅದು ಹತ್ತಿರ ಹತ್ತಿರ ಅರ್ಧಕ್ಕೆ ಬರುತ್ತದೆ. ಕೆಪಾಸಿಟರ್ ಇಲ್ಲದಿದ್ದರೆ ವೋಲ್ಟೇಜು ಬೀಳುತ್ತದೆ, ಮೋಟರ್ ಕಾಯುತ್ತದೆ, ಟಿ.ಸಿ. ಸುಡುತ್ತದೆ, ರೈತ ರಿವೈಂಡಿಂಗ್ ಅಂಗಡಿಗೂ ಕೆಇಬಿ ಆಫೀಸಿಗೂ ಅಲೆಯುತ್ತಾನೆ.

ಆಟೋ ಸ್ಟಾರ್ಟರ್ ವಿಷಯ ತೆಗೆದುಕೊಳ್ಳಿ. ನಡುರಾತ್ರಿ ತ್ರೀ ಫೇಸ್ ಬಂದ ಕೂಡಲೇ ಊರಿನ ಅಷ್ಟೂ ಮೋಟರುಗಳು ಒಟ್ಟಿಗೇ ಎದ್ದರೆ ಫೀಡರ್ ತಡೆದೀತೇ? ಒಬ್ಬೊಬ್ಬರದು ಒಂದೊಂದು ನಿಮಿಷ ತಡವಾಗಿ ಎದ್ದರೆ ಎಲ್ಲರಿಗೂ ಒಳ್ಳೆಯದು. ಇದನ್ನು ರೈತನಿಗೆ ಹೇಳುವವರು ಯಾರು? 'ಡಿಮ್ಯಾಂಡ್ ಸೈಡ್ ಮ್ಯಾನೇಜ್‌ಮೆಂಟ್' ಎಂದು ಐದು ಅಂಕಕ್ಕೆ ಇಂಗ್ಲಿಷ್ ಡೆಫಿನಿಷನ್ ಉರು ಹೊಡೆದು ಪಾಸಾದ ಹುಡುಗನೇ? ಅವನು ಹುಟ್ಟಿದ್ದು ಅದೇ ಊರಿನಲ್ಲಿರಬಹುದು. ಆದರೆ ನಾಲ್ಕು ವರ್ಷದ ಓದು ಅವನ ಬಾಯಿಂದ ಅಪ್ಪನ ಜೊತೆ ಮಾತಾಡುವ ಶಕ್ತಿಯನ್ನೇ ಕಿತ್ತುಕೊಂಡಿದೆ.

ಕಂಬ ಹತ್ತುವ ಲೈನ್‌ಮನ್ ಕನ್ನಡಿಗ. ಸಬ್‌ಸ್ಟೇಷನ್ನಿನಲ್ಲಿ ರಾತ್ರಿ ಪಾಳಿಗೆ ಕೂತವನು ಕನ್ನಡಿಗ. ತಪ್ಪು ತಿಳಿದು ತಂತಿ ಮುಟ್ಟಿದರೆ ಸಾಯುವವನೂ ಅವನೇ. ಅವರಿಗೆಲ್ಲ ಸೂಚನೆ ಕೊಡಬೇಕಾದ ಎಂಜಿನಿಯರನಿಗೆ ಆ ಭಾಷೆಯಲ್ಲೇ ತನ್ನ ವಿದ್ಯೆ ಬಾರದು!

ಕಾಲೇಜಿನೊಳಗಿನ ನಾಟಕ

ಕೇಂದ್ರದವರು 2021ರಿಂದ ಜೆಇಇ ಮೇನ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಬಿಟ್ಟರು. ಭಲೇ! ಬಾಗಿಲಿಗೆ ಕನ್ನಡದ ತೋರಣ, ಒಳಗೆ ಹೋದರೆ ಬೋರ್ಡು ಇಂಗ್ಲಿಷ್, ಬಾಯಿ ಇಂಗ್ಲಿಷ್, ವೈವಾ ಇಂಗ್ಲಿಷ್. ಗೇಟ್ ಪರೀಕ್ಷೆಯಂತೂ ಇಂಗ್ಲಿಷಿನಲ್ಲೇ. ಹಳ್ಳಿಯ ಸರ್ಕಾರಿ ಶಾಲೆಯಿಂದ ಬಂದ ಹುಡುಗಿ ಲೆಕ್ಕದಲ್ಲಿ ಹುಲಿ, ವೈವಾದಲ್ಲಿ ಮೂಕಿ. ಅವಳಿಗೆ ವಿಷಯ ಗೊತ್ತಿಲ್ಲವೆಂದು ಅಂಕ ಕತ್ತರಿಸುತ್ತಾರೆ. ಗೊತ್ತಿಲ್ಲದ್ದು ಅವಳಿಗೋ, ಕೇಳಲು ಬಾರದ ಪರೀಕ್ಷಕನಿಗೋ?

ಇನ್ನು ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. 1998ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ್ದು. ಅಲ್ಲಿ ಕನ್ನಡವೆಂದರೆ 'ಸಾಂಸ್ಕೃತಿಕ ಕನ್ನಡ', 'ಬಳಕೆ ಕನ್ನಡ' ಎಂಬ ಪುಟ್ಟ ಪತ್ರಿಕೆ. ಕನ್ನಡವನ್ನು ಸಂಸ್ಕೃತಿಯ ಗೂಡಿನಲ್ಲಿ ಕೂರಿಸಿ ಅರಿಶಿನ ಕುಂಕುಮ ಇಟ್ಟರೆ ಮುಗಿಯಿತೇ? ಟ್ರಾನ್ಸ್‌ಫಾರ್ಮರ್ ಕನ್ನಡ ಎಲ್ಲಿ? ಬಾಯ್ಲರ್ ಕನ್ನಡ ಎಲ್ಲಿ?

2021ರಲ್ಲಿ ಕನ್ನಡ ಮಾಧ್ಯಮದ ಎಂಜಿನಿಯರಿಂಗ್ ಎಂದು ಡಂಗುರ ಹೊಡೆದರು. ಸೀಟು ತುಂಬಲಿಲ್ಲ. 'ನೋಡಿ, ಕನ್ನಡಿಗರಿಗೇ ಬೇಡ' ಎಂದು ಕೈ ತೊಳೆದುಕೊಂಡರು. ಎಲ್ಲ ಸೆಮಿಸ್ಟರಿಗೂ ಪುಸ್ತಕ ಸಿದ್ಧವಿಲ್ಲದೆ, ಮೇಷ್ಟ್ರಿಗೆ ತರಬೇತಿ ಕೊಡದೆ, ನೌಕರಿಯ ಭರವಸೆ ಇಲ್ಲದೆ ಯಾವ ತಾಯಿ ತಂದೆ ಮಗುವನ್ನು ಬಾವಿಗೆ ತಳ್ಳುತ್ತಾರೆ? ಪಕ್ಕದ ತಮಿಳುನಾಡು 2010ರಲ್ಲೇ ಅಣ್ಣಾ ವಿಶ್ವವಿದ್ಯಾಲಯದಲ್ಲಿ ತಮಿಳು ಮಾಧ್ಯಮದ ಸಿವಿಲ್, ಮೆಕ್ಯಾನಿಕಲ್ ಶುರು ಮಾಡಿತು. ನಮ್ಮಲ್ಲಿ 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರು 'ವಿಜ್ಞಾನ' ಮಾಸಪತ್ರಿಕೆ ತಂದಿದ್ದರು. ಶತಮಾನದ ಹಿಂದೆ ಹಚ್ಚಿದ ದೀಪಕ್ಕೆ ಎಣ್ಣೆ ಹಾಕದವರು ಇವರು!

'ಇಂಗ್ಲಿಷ್ ಬಿಟ್ರೆ ಕೆಲಸ ಯಾರು ಕೊಡ್ತಾರೆ?'

ಇದು ನಿಮ್ಮ ಪ್ರಶ್ನೆ, ಗೊತ್ತು. ಇಂಗ್ಲಿಷ್ ಬಿಡಿ ಎಂದು ಯಾರು ಹೇಳಿದರು? ಕಲಿಯಿರಿ, ಚೆನ್ನಾಗಿಯೇ ಕಲಿಯಿರಿ. ಜರ್ಮನಿಗೆ ಹೋಗುವವರು ಜರ್ಮನ್ ಕಲಿಯುವುದಿಲ್ಲವೇ? ಆದರೆ ಅರ್ಥ ಮಾಡಿಕೊಳ್ಳುವ ಭಾಷೆ ಒಂದಿರಬೇಕು. ಅರ್ಥವಾಗದೆ ಉರು ಹೊಡೆದವನನ್ನು ಇಂಟರ್‌ವ್ಯೂನಲ್ಲಿ ಬಹುರಾಷ್ಟ್ರೀಯ ಕಂಪನಿಯೂ ಎರಡೇ ಪ್ರಶ್ನೆಗೆ ಹಿಡಿದು ಹಾಕುತ್ತದೆ. ಎಸ್ಕಾಂಗಳಿಗೆ, ಕಾರ್ಖಾನೆಗಳಿಗೆ, ಸೋಲಾರ್ ಪಾರ್ಕಿಗೆ ಎಂಜಿನಿಯರುಗಳು ಬೇಕೇ ಬೇಕು. ಆ ಜಾಗಗಳಲ್ಲಿ ಜನರ ಜೊತೆ ಮಾತಾಡಬಲ್ಲ ಕನ್ನಡದ ಎಂಜಿನಿಯರ್ ಕೂರಬೇಕೆಂದು ಕೇಳುವುದು ನಮ್ಮ ಹಕ್ಕು, ಭಿಕ್ಷೆಯಲ್ಲ.

ನಮ್ಮ ಹಕ್ಕೊತ್ತಾಯ

1. ಇಂಧನ ನಿರ್ವಹಣೆ, ವಿದ್ಯುತ್ ವ್ಯವಸ್ಥೆ ವಿಷಯಗಳಿಗೆ ಎಲ್ಲ ಸೆಮಿಸ್ಟರಿನ ಕನ್ನಡ ಪಠ್ಯ ಬರಲಿ. ಪಾರಿಭಾಷಿಕ ಪದಕ್ಕೆ ಸಂಸ್ಕೃತದ ಕಬ್ಬಿಣದ ಕಡಲೆ ಬೇಡ, ಜನ ಬಳಸುವ ಮಾತಿರಲಿ.

2. ಪ್ರಶ್ನೆ ಪತ್ರಿಕೆ ಎರಡೂ ಭಾಷೆಯಲ್ಲಿರಲಿ. ಉತ್ತರವನ್ನೂ ವೈವಾವನ್ನೂ ಕನ್ನಡದಲ್ಲಿ ಕೊಡಲು ಮುಕ್ತ ಅವಕಾಶವಿರಲಿ.

3. ಪ್ರತಿ ಕಾಲೇಜೂ ಒಂದು ಹಳ್ಳಿಯ ಫೀಡರನ್ನೋ ಒಂದು ಸಣ್ಣ ಕೈಗಾರಿಕೆಯನ್ನೋ ಎನರ್ಜಿ ಆಡಿಟ್‌ಗೆ ಹಿಡಿಯಲಿ. ವರದಿಯನ್ನು ಕನ್ನಡದಲ್ಲಿ ಬರೆದು ಆ ಊರಿನವರ ಮುಂದೆಯೇ ಓದಲಿ.

4. ವಿದ್ಯುತ್ ಕಂಪನಿಗಳ ಸುರಕ್ಷತಾ ಕೈಪಿಡಿ, ಯಂತ್ರದ ಸೂಚನೆ, ತರಬೇತಿ ಎಲ್ಲವೂ ಕನ್ನಡದಲ್ಲಿರಲಿ.

ಗೆಳೆಯರೇ, ಬೋರ್ಡಿಗೆ ಮಸಿ ಬಳಿದರೆ ಪೇಪರಿನಲ್ಲಿ ಫೋಟೋ ಬರುತ್ತದೆ. ಲೋಡ್ ಫ್ಯಾಕ್ಟರ್ ಏನೆಂದು ಜೂನಿಯರ್ ಹುಡುಗನಿಗೆ ಹಾಸ್ಟೆಲ್ ರೂಮಿನಲ್ಲಿ ಕನ್ನಡದಲ್ಲಿ ಹೇಳಿಕೊಟ್ಟರೆ ಫೋಟೋ ಬರುವುದಿಲ್ಲ, ಒಬ್ಬ ಎಂಜಿನಿಯರ್ ಬರುತ್ತಾನೆ. ಎರಡನೆಯದನ್ನು ಇವತ್ತೇ ಶುರು ಮಾಡಿ. ನೋಟ್ಸ್ ಕನ್ನಡದಲ್ಲಿ ಬರೆಯಿರಿ, ಜೆರಾಕ್ಸ್ ಮಾಡಿ ಹಂಚಿ. ಕ್ಲಾಸಿನಲ್ಲಿ ಕೈ ಎತ್ತಿ, 'ಸಾರ್, ಒಂದ್ಸಲ ಕನ್ನಡದಲ್ಲಿ ಹೇಳಿ' ಎಂದು ಕೇಳಿ. ಒಬ್ಬ ಕೇಳಿದರೆ ನಗುತ್ತಾರೆ. ಅರವತ್ತು ಜನ ಕೇಳಿದರೆ ಹೇಳಿಯೇ ತೀರುತ್ತಾರೆ.

ಸಿರಿಗನ್ನಡಂ ಗೆಲ್ಗೆ!